ರಜೆ ಅದೇ, ಕಾರಣ ಬೇರೆ: ರಷ್ಯಾದ ಹಬ್ಬಗಳ ಲೆಕ್ಕ

ನಮ್ಮ ಕೆಳಗಿನ ಮನೆಯವರ ಮಗಳು ರಷ್ಯಾದ ಕಜಾನ್ ನಗರದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅವಳ ಮೊದಲ ಚಳಿಗಾಲದ ಫೋನ್‌ಗಳೆಲ್ಲ ಒಗಟಿನ ಹಾಗಿದ್ದವು. ಡಿಸೆಂಬರ್ 25ಕ್ಕೆ ಅಮ್ಮ "ಇವತ್ತು ಕ್ರಿಸ್‌ಮಸ್ ಅಲ್ವಾ, ರಜೆ ತಾನೇ?" ಅಂದರೆ, "ಇಲ್ಲಮ್ಮ, ಕ್ಲಾಸ್ ಇದೆ" ಅಂದಳು. ಹೊಸ ವರ್ಷ ಬಂದದ್ದೇ ಎಂಟು ದಿನ ಕಾಲೇಜು, ಕಚೇರಿ ಎಲ್ಲ ಬಂದ್. ಜನವರಿ 7ಕ್ಕೆ "ಇವತ್ತು ಇಲ್ಲಿ ಕ್ರಿಸ್‌ಮಸ್" ಅಂತ ಚರ್ಚಿನ ಫೋಟೊ ಕಳಿಸಿದಳು. ಇನ್ನು 13ರ ರಾತ್ರಿ, ಹಾಸ್ಟೆಲ್‌ನ ರಷ್ಯನ್ ಗೆಳತಿ ಮತ್ತೊಮ್ಮೆ ಹೊಸ ವರ್ಷದ ಶುಭಾಶಯ ಹೇಳಿದಳಂತೆ.

"ಏನ್ರೀ ಇದು, ಅವರಿಗೆ ವರ್ಷಕ್ಕೆ ಎಷ್ಟು ಸಲ ಹೊಸ ವರ್ಷ?" ಅಂತ ಆ ತಾಯಿ ನನ್ನನ್ನು ಕೇಳಿದರು. ಮಕ್ಕಳನ್ನು ಅಲ್ಲಿಗೆ ಕಳಿಸಿದ ಬೇರೆ ಮನೆಗಳಲ್ಲೂ ಈ ಪ್ರಶ್ನೆ ಎದ್ದಿರುತ್ತದೆ. ಉತ್ತರ ಒಂದು ಸಾಲಿನದಲ್ಲ. ಕೂತು ಹೇಳಬೇಕಾದದ್ದು.

ಬಾಡಿಗೆ ಮನೆಯ ಗೋಡೆ ನೆನಪಿಸಿಕೊಳ್ಳಿ. ಹಿಂದಿನವರು ಹೊಡೆದ ಮೊಳೆ ಅಲ್ಲೇ ಇರುತ್ತದೆ. ಹೊಸಬರು ಅದೇ ಮೊಳೆಗೆ ತಮ್ಮ ಫೋಟೊ ನೇತುಹಾಕುತ್ತಾರೆ. ರಷ್ಯಾದ ಕ್ಯಾಲೆಂಡರ್ ಹೆಚ್ಚುಕಡಿಮೆ ಹೀಗೇ ಆಗಿದೆ. ಮೊದಲು ಝಾರ್ ದೊರೆಗಳು ಮತ್ತು ಚರ್ಚ್ ಇದ್ದವು. 1917ರಲ್ಲಿ ಕಮ್ಯುನಿಸ್ಟರು ಬಂದರು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ಈಗಿನ ರಷ್ಯಾ ಆಯಿತು. ಮೂವರೂ ತಮ್ಮ ತಮ್ಮ ಹಬ್ಬ ತಂದರು, ಹಳೆಯದನ್ನು ಇಳಿಸಿದರು. ಆದರೆ ಮೊಳೆ ಕೀಳುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ.

ಮೊದಲು ಆ 13 ದಿನದ ಗೊಂದಲ

ಭೂಮಿ ಸೂರ್ಯನನ್ನು ಒಂದು ಸುತ್ತು ಹಾಕಲು 365 ದಿನಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ರೋಮ್‌ನ ಜೂಲಿಯಸ್ ಸೀಸರ್ ತಂದ ಕ್ಯಾಲೆಂಡರ್ ಆ 'ಸ್ವಲ್ಪ'ವನ್ನು ಸರಿಯಾಗಿ ಕಾಲು ದಿನ ಎಂದು ಹಿಡಿಯಿತು. ಹಾಗಾಗಿ ನಾಲ್ಕು ವರ್ಷಕ್ಕೊಂದು ಅಧಿಕ ದಿನ. ನಿಜವಾದ ಲೆಕ್ಕ ಕಾಲು ದಿನಕ್ಕಿಂತ ಸುಮಾರು 11 ನಿಮಿಷ ಕಡಿಮೆ. ವರ್ಷಕ್ಕೆ 11 ನಿಮಿಷ ಅಂದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ನಿಧಾನವಾಗಿ ಓಡುವ ಗೋಡೆ ಗಡಿಯಾರದ ಹಾಗೆ ಅದು ಹಿಂದೆ ಬೀಳುತ್ತಲೇ ಹೋಯಿತು. ಸುಮಾರು 128 ವರ್ಷಕ್ಕೆ ಒಂದು ದಿನ.

1582ರಲ್ಲಿ ಪೋಪ್ 13ನೇ ಗ್ರೆಗರಿ ಈ ಗಡಿಯಾರ ಸರಿಮಾಡಿಸಿದರು. ಒಂದೇ ಸಲಕ್ಕೆ 10 ದಿನ ಹಾರಿಸಿದರು. 1700, 1800, 1900ರಂಥ ಶತಮಾನದ ವರ್ಷಗಳಿಗೆ ಅಧಿಕ ದಿನ ಬೇಡ, 400ರಿಂದ ಭಾಗವಾಗುವ ವರ್ಷಕ್ಕೆ ಮಾತ್ರ ಇರಲಿ ಎಂದು ಹೊಸ ನಿಯಮ ಬಂತು. ಇವತ್ತು ನಮ್ಮ ಗೋಡೆಯ ಮೇಲಿರುವುದು ಆ ಲೆಕ್ಕವೇ. ರಷ್ಯಾದವರು ಕ್ಯಾಥೊಲಿಕ್ ಪಂಗಡದವರಲ್ಲ, ಆರ್ಥೊಡಾಕ್ಸ್ ಕ್ರೈಸ್ತರು. ಪೋಪ್ ಹೇಳಿದ್ದನ್ನು ಅವರು ಯಾಕೆ ಕೇಳಬೇಕು? ಹಳೆಯ ಜೂಲಿಯನ್ ಲೆಕ್ಕದಲ್ಲೇ ಉಳಿದರು. 20ನೇ ಶತಮಾನ ಬರುವಷ್ಟರಲ್ಲಿ ಅಂತರ 13 ದಿನಕ್ಕೆ ಮುಟ್ಟಿತ್ತು.

ಕ್ರಾಂತಿಯಾದ ಮರುವರ್ಷವೇ ಹೊಸ ಸರ್ಕಾರ ಇದನ್ನು ಬದಲಾಯಿಸಿತು. 1918ರ ಜನವರಿ 31ರ ರಾತ್ರಿ ಮಲಗಿದವರು ಬೆಳಿಗ್ಗೆ ಎದ್ದಾಗ ಫೆಬ್ರವರಿ 14 ಆಗಿತ್ತು. ನಡುವಿನ 13 ದಿನ ರಷ್ಯಾದ ಇತಿಹಾಸದಲ್ಲಿ ಇಲ್ಲವೇ ಇಲ್ಲ. ಸರ್ಕಾರ ಬದಲಾಯಿತು, ಚರ್ಚ್ ಮಾತ್ರ ಬದಲಾಗಲಿಲ್ಲ. ಅದು ಇವತ್ತಿಗೂ ಹಳೆಯ ಲೆಕ್ಕದಲ್ಲೇ ಡಿಸೆಂಬರ್ 25ಕ್ಕೆ ಕ್ರಿಸ್‌ಮಸ್ ಮಾಡುತ್ತದೆ. ಆ ಡಿಸೆಂಬರ್ 25 ನಮ್ಮ ಕ್ಯಾಲೆಂಡರ್‌ನಲ್ಲಿ ಜನವರಿ 7ಕ್ಕೆ ಬೀಳುತ್ತದೆ, ಅಷ್ಟೆ.

ನಮಗೆ ಇದು ವಿಚಿತ್ರ ಅನ್ನಿಸಬೇಕಾಗಿಲ್ಲ. ಮೈಸೂರು ಕಡೆ ಚಾಂದ್ರಮಾನ ಯುಗಾದಿ, ತುಳುನಾಡಿನಲ್ಲಿ ಸೌರಮಾನದ ಬಿಸು. ಒಂದೇ ರಾಜ್ಯದಲ್ಲಿ ಎರಡು ಹೊಸ ವರ್ಷ ಇಟ್ಟುಕೊಂಡು ನಾವೂ ಆರಾಮಾಗಿಯೇ ಇದ್ದೇವೆ.

13ರ ರಾತ್ರಿಯ ಶುಭಾಶಯದ ಗುಟ್ಟೂ ಇದೇ. ಹಳೆಯ ಲೆಕ್ಕದ ಜನವರಿ 1 ಈಗ ಜನವರಿ 14ಕ್ಕೆ ಬರುತ್ತದೆ. ಅದನ್ನು ಅವರು 'ಹಳೆಯ ಹೊಸ ವರ್ಷ' ಅಂತಲೇ ಕರೆಯುತ್ತಾರೆ. ಹೆಸರೇ ತಮಾಷೆಯಾಗಿದೆ ಅಲ್ವಾ? ಅದಕ್ಕೆ ರಜೆ ಇಲ್ಲ. ಮನೆಯಲ್ಲಿ ಇನ್ನೊಂದು ಒಳ್ಳೆಯ ಊಟ, ಆಮೇಲೆ ಅಲಂಕಾರದ ಮರ ತೆಗೆಯಲು ಒಂದು ನೆಪ. ನಮ್ಮ ಸಂಕ್ರಾಂತಿಯೂ ಸಾಮಾನ್ಯವಾಗಿ ಅದೇ 14ಕ್ಕೆ ಬರುವುದರಿಂದ, ಊರಿಂದ ಕಳಿಸಿದ್ದ ಎಳ್ಳು-ಬೆಲ್ಲವನ್ನು ನಮ್ಮ ಹುಡುಗಿ ಆ ಊಟದ ಮೇಜಿಗೇ ಒಯ್ದಿದ್ದಳಂತೆ. ಒಣಕೊಬ್ಬರಿ ಏನೆಂದು ವಿವರಿಸುವುದರಲ್ಲೇ ಅರ್ಧ ಗಂಟೆ ಹೋಯಿತಂತೆ.

ಈ 13 ದಿನ ಶಾಶ್ವತವೂ ಅಲ್ಲ. 2100ನೇ ವರ್ಷಕ್ಕೆ ಹಳೆಯ ಲೆಕ್ಕದಲ್ಲಿ ಅಧಿಕ ದಿನವಿದೆ, ಹೊಸದರಲ್ಲಿ ಇಲ್ಲ. ಅಲ್ಲಿಂದಾಚೆ ಅಂತರ 14 ದಿನ. ಚರ್ಚ್ ಹಳೆಯ ಲೆಕ್ಕ ಬಿಡದಿದ್ದರೆ 2101ರಿಂದ ಅವರ ಕ್ರಿಸ್‌ಮಸ್ ಜನವರಿ 8ಕ್ಕೆ.

ಪಕ್ಕದ ಉಕ್ರೇನ್‌ನಲ್ಲೂ ಜನವರಿ 7ಕ್ಕೇ ರಜೆ ಇತ್ತು. 2017ರಲ್ಲಿ ಡಿಸೆಂಬರ್ 25ನ್ನೂ ಸೇರಿಸಿದರು. ಯುದ್ಧ ಶುರುವಾದ ಮೇಲೆ, 2023ರಲ್ಲಿ, ಜನವರಿ 7ರ ರಜೆಯನ್ನು ಕಾನೂನು ಮಾಡಿಯೇ ತೆಗೆದುಹಾಕಿದರು. ಯಾರ ಜೊತೆ ಹಬ್ಬ ಮಾಡುತ್ತೇವೆ ಅನ್ನುವುದು ಅಲ್ಲಿ ರಾಜಕೀಯವೂ ಹೌದು.

ರಜೆ ಯಾವುದು, ಹಬ್ಬ ಯಾವುದು?

ರಷ್ಯನ್ ಭಾಷೆಯಲ್ಲಿ ಹಬ್ಬಕ್ಕೆ 'ಪ್ರಾಜ್ನಿಕ್' ಅನ್ನುತ್ತಾರೆ. ಅದರ ಮೂಲದಲ್ಲಿ 'ಖಾಲಿ, ಕೆಲಸವಿಲ್ಲದ' ಎಂಬ ಅರ್ಥವಿದೆ. ನಮ್ಮ 'ಹಬ್ಬ' ಬಂದದ್ದು 'ಪರ್ವ'ದಿಂದ. ಪರ್ವ ಅಂದರೆ ಗಿಣ್ಣು, ಕಬ್ಬಿನ ಗಿಣ್ಣಿನ ಹಾಗೆ. ನಮಗೆ ಹಬ್ಬ ಕಾಲದ ಗಿಣ್ಣು, ಅವರಿಗೆ ಕೆಲಸದ ನಡುವಿನ ಖಾಲಿ ಜಾಗ. ವಾರದ ರಜೆಗೆ ಬೇರೆಯೇ ಪದ ಇದೆ, 'ವಿಹದ್ನೋಯ್'.

ಕಾನೂನಿನ ಪ್ರಕಾರ ದೇಶಕ್ಕೆಲ್ಲ ರಜೆ ಇರುವ ಹಬ್ಬದ ದಿನಗಳು 14. ಜನವರಿ 1ರಿಂದ 8ರವರೆಗೆ ಹೊಸ ವರ್ಷ ಮತ್ತು ಕ್ರಿಸ್‌ಮಸ್ ಸೇರಿ ಎಂಟು. ಆಮೇಲೆ ಫೆಬ್ರವರಿ 23, ಮಾರ್ಚ್ 8, ಮೇ 1, ಮೇ 9, ಜೂನ್ 12, ನವೆಂಬರ್ 4. ಇದರಲ್ಲಿ ಧಾರ್ಮಿಕ ಹಬ್ಬ ಕ್ರಿಸ್‌ಮಸ್ ಒಂದೇ. ಅದಕ್ಕಿಂತ ದೊಡ್ಡ ಹಬ್ಬವಾದ ಈಸ್ಟರ್ ಹೇಗೂ ಭಾನುವಾರವೇ ಬರುವುದರಿಂದ ಬೇರೆ ರಜೆ ಕೊಟ್ಟಿಲ್ಲ.

ಇದಲ್ಲದೆ ಆಯಾ ಪ್ರಾಂತ್ಯಗಳು ತಮ್ಮದೇ ರಜೆ ಕೊಡಬಹುದು. ಕಜಾನ್ ಇರುವ ತಾತಾರ್‌ಸ್ತಾನ್‌ನಲ್ಲಿ ಮುಸ್ಲಿಮರು ಬಹಳ. ಅಲ್ಲಿ ರಂಜಾನ್ ಮತ್ತು ಬಕ್ರೀದ್‌ಗೆ ರಜೆ. ಅದೇ ದಿನ ಮಾಸ್ಕೋದಲ್ಲಿ ಓದುವ ಹುಡುಗನಿಗೆ ಕ್ಲಾಸ್. ಬೌದ್ಧರಿರುವ ಬುರ್ಯಾತಿಯಾದಲ್ಲಿ ಚಾಂದ್ರಮಾನದ ಹೊಸ ವರ್ಷಕ್ಕೆ ರಜೆ ಸಿಗುತ್ತದೆ. ಹಾಗಾಗಿ "ರಷ್ಯಾದಲ್ಲಿ ಇವತ್ತು ರಜೆನಾ?" ಅಂತ ಕೇಳುವ ಮುಂಚೆ "ರಷ್ಯಾದ ಎಲ್ಲಿ?" ಅಂತ ಕೇಳಬೇಕು.

ಭಾನುವಾರವನ್ನೇ ತೆಗೆದುಹಾಕಿದ ಕಥೆ

ಕಮ್ಯುನಿಸ್ಟ್ ಸರ್ಕಾರ ಹಬ್ಬಗಳ ಜೊತೆ ಎಷ್ಟು ದೂರ ಹೋಯಿತು ಅನ್ನುವುದಕ್ಕೆ 1929 ಒಳ್ಳೆಯ ಉದಾಹರಣೆ. ಕಾರ್ಖಾನೆಯ ಯಂತ್ರಗಳು ಒಂದು ದಿನವೂ ನಿಲ್ಲಬಾರದು ಎಂದು ಏಳು ದಿನದ ವಾರವನ್ನೇ ಬಿಟ್ಟು ಐದು ದಿನದ ವಾರ ಮಾಡಿದರು. ಕಾರ್ಮಿಕರನ್ನು ಐದು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಣ್ಣ ಕೊಟ್ಟರು. ನಿಮ್ಮ ಬಣ್ಣದ ದಿನ ನಿಮಗೆ ರಜೆ, ಉಳಿದ ನಾಲ್ಕು ಗುಂಪು ಕೆಲಸದಲ್ಲಿ.

ನಮ್ಮಲ್ಲಿ ಶಿಫ್ಟ್ ಕೆಲಸ ಮಾಡುವ ಗಂಡ ಹೆಂಡತಿಗೆ ಬೇರೆ ಬೇರೆ ದಿನ ವೀಕ್ಲಿ ಆಫ್ ಸಿಕ್ಕರೆ ಮನೆ ಹೇಗಿರುತ್ತದೆ ಗೊತ್ತಲ್ಲ? ಅದನ್ನೇ ದೇಶದುದ್ದಕ್ಕೂ ಊಹಿಸಿಕೊಳ್ಳಿ. ಅಪ್ಪನಿಗೆ ಹಳದಿ, ಅಮ್ಮನಿಗೆ ಹಸಿರು. ಒಟ್ಟಿಗೆ ಕೂತು ಊಟ ಮಾಡುವ ದಿನವೇ ಇಲ್ಲ. ಚರ್ಚಿಗೆ ಹೋಗುವ ಭಾನುವಾರವೂ ತಾನಾಗಿಯೇ ಮಾಯ. ಅದೂ ಉದ್ದೇಶದ ಒಂದು ಭಾಗವಾಗಿತ್ತು. ಧಾರ್ಮಿಕ ಹಬ್ಬಗಳೆಲ್ಲ ಅದೇ ವರ್ಷ ಕೆಲಸದ ದಿನಗಳಾದವು. ಜನವರಿ 1 ಕೂಡ. ಇಡೀ ವರ್ಷಕ್ಕೆ ಉಳಿದದ್ದು ಬರೀ ಐದು ರಜೆ, ಐದೂ ಕ್ರಾಂತಿಗೆ ಮತ್ತು ಕಾರ್ಮಿಕರಿಗೆ ಸಂಬಂಧಿಸಿದವು.

ಇದು ನಡೆಯಲಿಲ್ಲ. ಯಂತ್ರಗಳಿಗೂ ದುರಸ್ತಿಗೆ ಬಿಡುವು ಬೇಕಲ್ಲ, ಮೇಲಾಗಿ ಯಾವ ಯಂತ್ರಕ್ಕೂ ಒಬ್ಬ ಖಾಯಂ ಜವಾಬ್ದಾರಿಯವನಿಲ್ಲದೆ ಹೋಯಿತು. 1931ರಲ್ಲಿ ಎಲ್ಲರಿಗೂ ಒಂದೇ ರಜೆ ಇರುವ ಆರು ದಿನದ ವಾರ ಮಾಡಿ ನೋಡಿದರು. ಕೊನೆಗೆ 1940ರಲ್ಲಿ ಏಳು ದಿನದ ವಾರಕ್ಕೇ ಮರಳಿದರು. ರಷ್ಯನ್‌ನಲ್ಲಿ ಭಾನುವಾರಕ್ಕೆ 'ವಸ್ಕ್ರೆಸೇನ್ಯೆ' ಅನ್ನುತ್ತಾರೆ, ಅಂದರೆ ಯೇಸು ಸತ್ತು ಮತ್ತೆ ಎದ್ದದ್ದು. ದೇವರಿಲ್ಲ ಎಂದ ಸರ್ಕಾರದ ಕ್ಯಾಲೆಂಡರ್‌ನಲ್ಲೂ ಕೊನೆಗೆ ಅದೇ ಹೆಸರು ಉಳಿದುಕೊಂಡಿತು.

ಹೋದ ಮರ, ಬಂದ ಮರ

ರಷ್ಯಾದಲ್ಲಿ ವರ್ಷದ ಅತಿ ದೊಡ್ಡ ಹಬ್ಬ ಕ್ರಿಸ್‌ಮಸ್ ಅಲ್ಲ, ಹೊಸ ವರ್ಷ. ಅಲಂಕರಿಸಿದ ಮರ, ಉಡುಗೊರೆ, ಬಿಳಿಗಡ್ಡದ ತಾತ ಎಲ್ಲ ಡಿಸೆಂಬರ್ 31ಕ್ಕೇ. ಇದು ಹೀಗಾದದ್ದು ಹೇಗೆ?

ಜನವರಿ 1ಕ್ಕೆ ವರ್ಷ ಶುರುಮಾಡಿದ್ದು ಝಾರ್ ಪೀಟರ್. ಅದಕ್ಕೆ ಮುಂಚೆ ಅವರ ವರ್ಷ ಸೆಪ್ಟೆಂಬರ್ 1ಕ್ಕೆ ಶುರುವಾಗುತ್ತಿತ್ತು, ಎಣಿಕೆ ಜಗತ್ತಿನ ಸೃಷ್ಟಿಯಿಂದ. 7208ನೇ ವರ್ಷ ನಡೆಯುತ್ತಿದ್ದಾಗ, ಬರುವ ಜನವರಿ 1ರಿಂದ 1700 ಎಂದು ಎಣಿಸಿ, ಮನೆ ಬಾಗಿಲಿಗೆ ಫರ್ ಮರದ ಕೊಂಬೆ ಕಟ್ಟಿ ಎಂದು ಆಜ್ಞೆಯಾಯಿತು. ಮನೆಯೊಳಗೆ ಇಡೀ ಮರ ತಂದಿಟ್ಟು ಅಲಂಕರಿಸುವುದು ಮುಂದೆ ಕ್ರಿಸ್‌ಮಸ್ ಪದ್ಧತಿಯಾಗಿ ಹರಡಿತು.

ಕ್ರಾಂತಿಯ ನಂತರ ಆ ಮರಕ್ಕೆ 'ಪಾದ್ರಿಗಳ ಪದ್ಧತಿ' ಎಂಬ ಹಣೆಪಟ್ಟಿ ಬಿತ್ತು. 1920ರ ದಶಕದ ಕೊನೆಗೆ ಮನೆಯಲ್ಲಿ ಮರ ಇಡುವವರು ಕಿಟಕಿಗೆ ಪರದೆ ಎಳೆದು ಇಡಬೇಕಾಯಿತು. ಆಮೇಲೆ ಒಂದು ತಿರುವು. 1935ರ ಡಿಸೆಂಬರ್ 28ರ 'ಪ್ರಾವ್ದಾ' ಪತ್ರಿಕೆಯಲ್ಲಿ ಪಾವೆಲ್ ಪೋಸ್ತಿಶೆವ್ ಎಂಬ ಪಕ್ಷದ ನಾಯಕನ ಚಿಕ್ಕ ಪತ್ರ ಬಂತು. ಶ್ರೀಮಂತರ ಮಕ್ಕಳು ಹಿಂದೆ ಮರದ ಸುತ್ತ ಕುಣಿಯುತ್ತಿದ್ದರು, ಕಾರ್ಮಿಕರ ಮಕ್ಕಳಿಗೆ ಆ ಖುಷಿ ಯಾಕೆ ಬೇಡ, ಹೊಸ ವರ್ಷಕ್ಕೆ ಮಕ್ಕಳಿಗಾಗಿ ಮರ ನಿಲ್ಲಿಸೋಣ ಎನ್ನುವುದು ಅದರ ಸಾರ. ಹೊಸ ವರ್ಷಕ್ಕೆ ಉಳಿದದ್ದು ಮೂರೇ ದಿನ. ಆದರೂ ಆ ಡಿಸೆಂಬರ್‌ನಲ್ಲೇ ಶಾಲೆಗಳಲ್ಲಿ ಮರ ನಿಂತವು.

ಒಂದೇ ವ್ಯತ್ಯಾಸ. ಮರದ ತುದಿಯಲ್ಲಿ ಬೆತ್ಲೆಹೇಮ್ ನಕ್ಷತ್ರದ ಬದಲು ಐದು ಮೂಲೆಯ ಕೆಂಪು ನಕ್ಷತ್ರ ಬಂತು. ಕ್ರಿಸ್‌ಮಸ್ ತಾತನ ಜಾಗಕ್ಕೆ 'ದೇದ್ ಮರೋಜ್', ಅಂದರೆ ಚಳಿ ತಾತ. ಜೊತೆಗೆ ಮೊಮ್ಮಗಳು ಸ್ನೆಗೂರೊಚ್ಕಾ, ಹಿಮದ ಹುಡುಗಿ. ಮರವನ್ನು ವಾಪಸ್ ತಂದ ಪೋಸ್ತಿಶೆವ್‌ನನ್ನು ಮುಂದೆ ಸ್ಟಾಲಿನ್ ಕಾಲದ ಬಂಧನಗಳ ಅಲೆಯಲ್ಲಿ ಹಿಡಿದು 1939ರಲ್ಲಿ ಗುಂಡಿಕ್ಕಿ ಕೊಂದರು. ಮರ ಉಳಿಯಿತು.

ಜನವರಿ 1ಕ್ಕೆ ಮತ್ತೆ ರಜೆ ಸಿಕ್ಕಿದ್ದು 1948ರಿಂದ. ಜನವರಿ 7ರ ಕ್ರಿಸ್‌ಮಸ್ ರಜೆ ಮರಳಿದ್ದು ಸೋವಿಯತ್ ಒಕ್ಕೂಟದ ಕೊನೆಯ ವರ್ಷವಾದ 1991ರಲ್ಲಿ. ಅಷ್ಟರಲ್ಲಿ ಎರಡು ಮೂರು ತಲೆಮಾರು ಹೊಸ ವರ್ಷದ ಮರದ ಕೆಳಗೇ ಬೆಳೆದಿತ್ತು. ಹಾಗಾಗಿ ಕ್ರಿಸ್‌ಮಸ್ ವಾಪಸ್ ಬಂದರೂ ಮರ ಅದಕ್ಕೆ ವಾಪಸ್ ಸಿಗಲಿಲ್ಲ.

ಆ ರಾತ್ರಿಯ ಮೇಜು ಸೋವಿಯತ್ ಕಾಲದಿಂದ ಹೆಚ್ಚು ಬದಲಾಗಿಲ್ಲ. ನಡುವೆ ಒಲಿವ್ಯೆ ಸಲಾಡ್ ಇರಲೇಬೇಕು. 19ನೇ ಶತಮಾನದಲ್ಲಿ ಮಾಸ್ಕೋದ ಹೋಟೆಲೊಂದರಲ್ಲಿ ಒಲಿವ್ಯೆ ಎಂಬ ಬಾಣಸಿಗ ಮಾಡುತ್ತಿದ್ದ ದುಬಾರಿ ತಿನಿಸು ಅದು. ಸೋವಿಯತ್ ಅಡುಗೆಮನೆಗೆ ಬಂದಾಗ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬಟಾಣಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಸಾಸೇಜ್, ಮೇಲೆ ಮೇಯೊನೀಸ್ ಎಂದಾಯಿತು. ನಮ್ಮ ಹುಡುಗಿ ಸಾಸೇಜ್ ಬಿಟ್ಟು ಕ್ಯಾರೆಟ್ ಜಾಸ್ತಿ ಹಾಕಿಸಿಕೊಂಡಳಂತೆ. ಪಕ್ಕದಲ್ಲಿ ಕಿತ್ತಳೆಯ ಜಾತಿಯ ಮಂದಾರಿನ್ ಹಣ್ಣು. ಸೋವಿಯತ್ ಕಾಲದಲ್ಲಿ ಚಳಿಗಾಲಕ್ಕೆ ಹಣ್ಣು ಸಿಗುವುದೇ ಕಷ್ಟವಾಗಿದ್ದಾಗ ಕಪ್ಪು ಸಮುದ್ರದ ಕಡೆಯಿಂದ ಅವು ಬರುತ್ತಿದ್ದುದು ಸರಿಯಾಗಿ ಡಿಸೆಂಬರ್‌ನಲ್ಲಿ. ಅದಕ್ಕೇ ಆ ಸಿಪ್ಪೆಯ ವಾಸನೆ ಬಂದರೆ ಹೊಸ ವರ್ಷ ಬಂತು ಅನ್ನುವವರು ಈಗಲೂ ಇದ್ದಾರೆ. 12ಕ್ಕೆ ಮುಂಚೆ ಟಿವಿಯಲ್ಲಿ ಅಧ್ಯಕ್ಷರ ಮಾತು, ಆಮೇಲೆ ಕ್ರೆಮ್ಲಿನ್ ಗಡಿಯಾರದ ಹನ್ನೆರಡು ಹೊಡೆತ. ದೇಶದಲ್ಲಿ 11 ಕಾಲವಲಯ ಇರುವುದರಿಂದ ಪೂರ್ವದ ಕಮ್ಚಾಟ್ಕಾದವರು ಎದ್ದು ತಿಂಡಿ ತಿನ್ನುವ ಹೊತ್ತಿಗೆ ಪಶ್ಚಿಮದ ತುದಿಯಲ್ಲಿ ಹನ್ನೆರಡು ಹೊಡೆಯುತ್ತಿರುತ್ತದೆ.

ಗಂಡಸರ ದಿನ, ಹೆಂಗಸರ ದಿನ, ಒಂದೇ ದಿನ

ಫೆಬ್ರವರಿ 23 'ಮಾತೃಭೂಮಿಯ ರಕ್ಷಕರ ದಿನ'. ಮಾರ್ಚ್ 8 ಮಹಿಳಾ ದಿನ. ಎರಡಕ್ಕೂ ರಜೆ. ಮೊದಲನೆಯದಕ್ಕೆ ಮನೆಯ, ಆಫೀಸಿನ ಗಂಡಸರಿಗೆಲ್ಲ ಉಡುಗೊರೆ, ಅವರು ಸೈನ್ಯದ ಮುಖ ನೋಡಿರದಿದ್ದರೂ ಸರಿ. ಎರಡನೆಯದಕ್ಕೆ ಅಮ್ಮ, ಅಕ್ಕ, ಟೀಚರ್, ಸಹೋದ್ಯೋಗಿ ಎಲ್ಲರಿಗೂ ಹೂವು.

ಈಗ ಆ 13 ದಿನವನ್ನು ನೆನಪಿಸಿಕೊಳ್ಳಿ. ಹಳೆಯ ಕ್ಯಾಲೆಂಡರ್‌ನ ಫೆಬ್ರವರಿ 23 ಅಂದರೆ ಹೊಸ ಕ್ಯಾಲೆಂಡರ್‌ನ ಮಾರ್ಚ್ 8. 1917ರಲ್ಲಿ ಆ ದಿನ ಆಗಿನ ರಾಜಧಾನಿ ಪೆತ್ರೊಗ್ರಾದ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಬಟ್ಟೆ ಗಿರಣಿಗಳ ಹೆಂಗಸರು ಬ್ರೆಡ್ ಬೇಕು ಎಂದು ಬೀದಿಗೆ ಬಂದರು. ಯುರೋಪಿನಲ್ಲಿ ಅದಾಗಲೇ ಮಹಿಳಾ ದಿನ ಆಚರಿಸಲು ಶುರುವಾಗಿತ್ತು. ಜರ್ಮನಿಯ ಸಮಾಜವಾದಿ ನಾಯಕಿ ಕ್ಲಾರಾ ಜೆಟ್ಕಿನ್ 1910ರ ಕೋಪನ್‌ಹೇಗನ್ ಸಭೆಯಲ್ಲಿ ಅದನ್ನು ಸೂಚಿಸಿದ್ದರು. ಪೆತ್ರೊಗ್ರಾದ್‌ನ ಮುಷ್ಕರ ದಿನದಿಂದ ದಿನಕ್ಕೆ ಬೆಳೆದು, ಹೆಚ್ಚುಕಡಿಮೆ ಒಂದೇ ವಾರದಲ್ಲಿ ಝಾರ್ ಸಿಂಹಾಸನ ಬಿಟ್ಟ. ಮಹಿಳಾ ದಿನ ಲೋಕದ ತುಂಬ ಮಾರ್ಚ್ 8ಕ್ಕೇ ಯಾಕೆ ಅಂದರೆ, ಆ ತಾರೀಖು ಗಟ್ಟಿಯಾದದ್ದು ಇಲ್ಲಿಂದ.

ಫೆಬ್ರವರಿ 23ರ ಕಥೆ ಇಷ್ಟು ಚೊಕ್ಕವಾಗಿಲ್ಲ. ಅದು 1918ರಲ್ಲಿ ಕಮ್ಯುನಿಸ್ಟ್ ಸರ್ಕಾರ ಕಟ್ಟಿದ ಕೆಂಪು ಸೇನೆಯ ಹುಟ್ಟುಹಬ್ಬ. ಆದರೆ ಸೇನೆ ಕಟ್ಟುವ ಆದೇಶ ಹೊರಟದ್ದು ಜನವರಿಯಲ್ಲಿ. 1919ರಲ್ಲಿ ವಾರ್ಷಿಕೋತ್ಸವ ಸಮಯಕ್ಕೆ ಸರಿಯಾಗಿ ಮಾಡಲಾಗದೆ ಮುಂದೆ ಹಾಕಿ, ಅನುಕೂಲವಾದ ಒಂದು ಭಾನುವಾರಕ್ಕೆ ಇಟ್ಟುಕೊಂಡರು. ಅದು ಫೆಬ್ರವರಿ 23 ಆಗಿತ್ತು. ಆ ದಿನವೇ ಸೇನೆ ಜರ್ಮನ್ನರನ್ನು ಸೋಲಿಸಿತು ಎಂಬ ಕಥೆ ಆಮೇಲೆ ಪಠ್ಯಪುಸ್ತಕ ಸೇರಿತು. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ.

ಎರಡರಲ್ಲಿ ಮೊದಲು ರಜೆ ಸಿಕ್ಕಿದ್ದು ಹೆಂಗಸರ ದಿನಕ್ಕೆ, 1966ರಿಂದ. ಗಂಡಸರ ದಿನ ರಜೆಗಾಗಿ 2002ರವರೆಗೆ ಕಾಯಬೇಕಾಯಿತು. ಮಾರ್ಚ್ 8ರ ಗುರುತಿನ ಹೂವು ಮಿಮೋಸಾ. ನಮ್ಮ ಜಾಲಿ ಹೂವಿನ ಹಾಗೆ ಹಳದಿ ಗುಂಡು ಗುಂಡಾಗಿರುತ್ತದೆ, ಅದೇ ಸಸ್ಯ ಕುಟುಂಬದ್ದು. ಹೊರಗೆ ಇನ್ನೂ ಹಿಮ ಇರುವಾಗ ಗಂಡಸರು ಹೂವಿನ ಅಂಗಡಿ ಮುಂದೆ ಸಾಲು ನಿಂತಿರುತ್ತಾರೆ.

ನವೆಂಬರ್ 7 ಎಲ್ಲಿ ಹೋಯಿತು?

ನಾವು ಚಿಕ್ಕವರಿದ್ದಾಗ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಲು ಸೋವಿಯತ್ ಪತ್ರಿಕೆಗಳ ಹಾಳೆಯೇ ಆಗಬೇಕಿತ್ತು. ದಪ್ಪ, ನುಣುಪು, ಬಣ್ಣ ಬಣ್ಣ. ನನ್ನ ಭೂಗೋಳದ ಪುಸ್ತಕದ ಮೇಲೆ ಮಾಸ್ಕೋದ ಕೆಂಪು ಚೌಕದ ಪೆರೇಡ್ ಇತ್ತು, ಒಂದು ಟ್ಯಾಂಕ್ ಸರಿಯಾಗಿ ಬೆನ್ನಿನ ಮಡಿಕೆಯಲ್ಲಿ ಅರ್ಧವಾಗಿತ್ತು. ಆ ಚಿತ್ರ ನವೆಂಬರ್ 7ರದ್ದು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅದು ಸೋವಿಯತ್ ದೇಶದ ಮುಖ್ಯ ಹಬ್ಬ, 1917ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ 'ಅಕ್ಟೋಬರ್ ಕ್ರಾಂತಿ'ಯ ದಿನ. ಅಕ್ಟೋಬರ್ ಕ್ರಾಂತಿಯನ್ನು ನವೆಂಬರ್‌ನಲ್ಲಿ ಯಾಕೆ ಆಚರಿಸುತ್ತಾರೆ ಎಂದು ಇನ್ನು ಕೇಳಬೇಕಾಗಿಲ್ಲ. ಹಳೆಯ ಅಕ್ಟೋಬರ್ 25ಕ್ಕೆ 13 ಸೇರಿಸಿದರೆ ನವೆಂಬರ್ 7. ಎರಡು ದಿನ ರಜೆ, ಪೆರೇಡ್, ಮೆರವಣಿಗೆ, ಮನೆಯಲ್ಲಿ ನೆಂಟರು.

1991ರ ನಂತರ ಹೊಸ ಸರ್ಕಾರಕ್ಕೆ ಇದು ತಲೆನೋವಾಯಿತು. ಕ್ರಾಂತಿಯನ್ನು ಹೊಗಳುವ ಹಾಗಿಲ್ಲ, ನೂರಾರು ಊರಿನ ಜನರಿಗೆ ಅಭ್ಯಾಸವಾದ ರಜೆ ಕೀಳುವ ಹಾಗೂ ಇಲ್ಲ. 1996ರಲ್ಲಿ ಅಧ್ಯಕ್ಷ ಯೆಲ್ತ್ಸಿನ್ ರಜೆ ಹಾಗೇ ಬಿಟ್ಟು ಹೆಸರು ಮಾತ್ರ ಬದಲಿಸಿದರು: 'ಒಮ್ಮತ ಮತ್ತು ರಾಜಿಯ ದಿನ'. ಜನ ಅದನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಿದ್ದರು. 2005ರಿಂದ ನವೆಂಬರ್ 7ರ ರಜೆ ಹೋಯಿತು, ಮೂರು ದಿನ ಮುಂಚೆ, ನವೆಂಬರ್ 4ಕ್ಕೆ, 'ರಾಷ್ಟ್ರೀಯ ಏಕತಾ ದಿನ' ಬಂತು. ಶರತ್ಕಾಲದ ರಜೆ ಶರತ್ಕಾಲದಲ್ಲೇ ಇರಲಿ, ಕಾರಣ ಬೇರೆಯಾಗಲಿ ಅನ್ನುವ ಲೆಕ್ಕ. ಮೊಳೆಯನ್ನು ಸ್ವಲ್ಪ ಪಕ್ಕಕ್ಕೆ ಹೊಡೆದ ಹಾಗೆ.

ಹೊಸ ಕಾರಣಕ್ಕಾಗಿ 1612ಕ್ಕೆ ಹೋದರು. ಆಗ ಮಾಸ್ಕೋ ಪೋಲೆಂಡ್ ಸೈನ್ಯದ ಕೈಯಲ್ಲಿತ್ತು. ನಿಝ್ನಿ ನೋವ್ಗೊರೊದ್ ಊರಿನ ವ್ಯಾಪಾರಿ ಕುಜ್ಮಾ ಮಿನಿನ್ ದುಡ್ಡು ಕೂಡಿಸಿದ, ದ್ಮಿತ್ರಿ ಪೊಝಾರ್ಸ್ಕಿ ಎಂಬ ಸರದಾರ ಪಡೆ ನಡೆಸಿದ, ಇಬ್ಬರೂ ಸೇರಿ ಅವರನ್ನು ಓಡಿಸಿದರು. ಇಬ್ಬರ ಕಂಚಿನ ಪ್ರತಿಮೆ 1818ರಿಂದ ಕೆಂಪು ಚೌಕದಲ್ಲಿದೆ. ನವೆಂಬರ್ 4 ಚರ್ಚಿಗೂ ಹಬ್ಬ: 'ಕಜಾನ್ ಮಾತೆ' ಎಂದು ಕರೆಯುವ, ಯೇಸುವಿನ ತಾಯಿ ಮೇರಿಯ ಚಿತ್ರಪಟದ ದಿನ. ಆ ಪಟ 1579ರಲ್ಲಿ ಸಿಕ್ಕಿದ್ದು ನಮ್ಮ ಹುಡುಗಿ ಓದುತ್ತಿರುವ ಕಜಾನ್‌ನಲ್ಲೇ.

ಇಲ್ಲೂ ತಾರೀಖಿನ ಒಂದು ಎಡವಟ್ಟಿದೆ. ಮಾಸ್ಕೋದ ಕೋಟೆಯ ಹೊರಭಾಗ ಗೆದ್ದದ್ದು ಹಳೆಯ ಲೆಕ್ಕದ ಅಕ್ಟೋಬರ್ 22ಕ್ಕೆ. ಈಗಿನ ಅಂತರ 13 ಸೇರಿಸಿ ನವೆಂಬರ್ 4 ಅನ್ನುತ್ತಾರೆ. ಆದರೆ 1612ರಲ್ಲಿ ಅಂತರ 10 ದಿನ ಮಾತ್ರ ಇತ್ತು. ಆ ಲೆಕ್ಕ ಹಿಡಿದರೆ ದಿನ ನವೆಂಬರ್ 1ಕ್ಕೆ ಬರುತ್ತದೆ, ನಮ್ಮ ರಾಜ್ಯೋತ್ಸವಕ್ಕೆ!

ಪಕ್ಕದ ಬೆಲಾರೂಸ್ ಮಾತ್ರ ನವೆಂಬರ್ 7ರ ರಜೆ ಇವತ್ತಿಗೂ ಬಿಟ್ಟಿಲ್ಲ.

ಜೂನ್ 12ರ 'ರಷ್ಯಾ ದಿನ'ವನ್ನು ಇಲ್ಲೇ ಹೇಳಿ ಮುಗಿಸಬಹುದು. 1990ರ ಆ ದಿನ, ಸೋವಿಯತ್ ಒಕ್ಕೂಟದೊಳಗೇ ಇದ್ದ ರಷ್ಯಾ ತನ್ನ ಸಾರ್ವಭೌಮತ್ವ ಘೋಷಿಸಿಕೊಂಡಿತು. ಜನ ಇದನ್ನು ಬಹಳ ಕಾಲ 'ಸ್ವಾತಂತ್ರ್ಯ ದಿನ' ಅನ್ನುತ್ತಿದ್ದರು. ಯಾರಿಂದ ಸ್ವಾತಂತ್ರ್ಯ ಎಂದರೆ ಉತ್ತರ ಕಷ್ಟ. ಬೇಸಿಗೆಯ ಒಂದು ರಜೆ ಅಂತ ಎಲ್ಲರೂ ಊರಾಚೆ ಹೋಗುತ್ತಾರೆ.

ಶನಿವಾರ ಕೆಲಸ, ಶುಕ್ರವಾರ ರಜೆ

ಅಲ್ಲಿ ಮಕ್ಕಳಿರುವವರಿಗೆ, ಅಲ್ಲಿಯ ಕಂಪನಿಗಳ ಜೊತೆ ವ್ಯವಹಾರ ಮಾಡುವವರಿಗೆ ಜಾಸ್ತಿ ಉಪಯೋಗಕ್ಕೆ ಬರುವುದು ಈ ಭಾಗ. ನಮ್ಮಲ್ಲಿ ಹಬ್ಬ ಭಾನುವಾರ ಬಂದರೆ "ಅಯ್ಯೋ, ಒಂದು ರಜೆ ಹೋಯ್ತು" ಅಂತ ಸುಮ್ನೆ ಆಗುತ್ತೇವೆ. ರಷ್ಯಾದಲ್ಲಿ ಹಾಗೆ ಹೋಗುವುದಿಲ್ಲ. ಶನಿವಾರ, ಭಾನುವಾರ ಬಿದ್ದ ಹಬ್ಬದ ರಜೆ ಮುಂದಿನ ಕೆಲಸದ ದಿನಕ್ಕೆ ಜರುಗುತ್ತದೆ. ಇದಲ್ಲದೆ ಸರ್ಕಾರವೇ ಕೆಲವು ರಜೆಗಳನ್ನು ಎತ್ತಿ ಬೇರೆ ಕಡೆ ಇಡಬಹುದು. ಹಿಂದಿನ ವರ್ಷವೇ ಆದೇಶ ಹೊರಡುತ್ತದೆ.

2025ನ್ನೇ ನೋಡಿ. ಫೆಬ್ರವರಿ 23 ಭಾನುವಾರ ಬಿತ್ತು. ಆ ರಜೆಯನ್ನು ಮೇ 8ಕ್ಕೆ ಒಯ್ದರು. ಮಾರ್ಚ್ 8 ಶನಿವಾರ ಬಿತ್ತು, ಅದು ಜೂನ್ 13ಕ್ಕೆ ಹೋಯಿತು. ಜನವರಿ 4 ಶನಿವಾರದ ರಜೆ ಮೇ 2ಕ್ಕೆ. ಹೀಗೆ ಮೇ ತಿಂಗಳಲ್ಲಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ನಾಲ್ಕು ದಿನದ ಎರಡು ರಜೆ ಸಿಕ್ಕವು. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ನವೆಂಬರ್ 3ರ ಸೋಮವಾರ ರಜೆ ಕೊಡಲು ನವೆಂಬರ್ 1ರ ಶನಿವಾರವನ್ನು ಕೆಲಸದ ದಿನ ಮಾಡಿದರು. ನಾವು ಕನ್ನಡ ಬಾವುಟ ಹಾರಿಸುತ್ತಿದ್ದಾಗ ಅವರು ಶನಿವಾರವೂ ಆಫೀಸಿನಲ್ಲಿದ್ದರು.

ಹೀಗೆ ಜರುಗಿಸಿದ ದಿನಗಳನ್ನೆಲ್ಲ ಗುರುತು ಮಾಡಿದ ಪಟ್ಟಿಗೆ ಅಲ್ಲಿ 'ಉತ್ಪಾದನಾ ಕ್ಯಾಲೆಂಡರ್' ಎಂದು ಹೆಸರು. ಹೆಸರೇ ಕಾರ್ಖಾನೆ ಕಾಲದ್ದು. ಹಬ್ಬದ ಹಿಂದಿನ ಕೆಲಸದ ದಿನ ಒಂದು ಗಂಟೆ ಮುಂಚೆ ಬಿಡುತ್ತಾರೆ ಅನ್ನುವುದೂ ಅದರಲ್ಲೇ ಇರುತ್ತದೆ. ಹಣ ಕಳಿಸುವುದು, ಕಾಗದಪತ್ರದ ಕೆಲಸ ಏನಿದ್ದರೂ ಡಿಸೆಂಬರ್ ಕೊನೆಯ ವಾರಕ್ಕೆ ಮುಂಚೆ ಮುಗಿಸಿಕೊಳ್ಳುವುದು ಕ್ಷೇಮ. ಜನವರಿ 9ರವರೆಗೆ ಕಚೇರಿಯ ಫೋನ್ ಎತ್ತುವವರು ಸಿಗುವುದು ಕಷ್ಟ.

ರಜೆ ಇಲ್ಲದ ಹಬ್ಬಗಳು

ಸೋವಿಯತ್ ಕಾಲದಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ದಿನ ಇತ್ತು. ಗಣಿಯವರಿಗೆ, ರೈಲ್ವೆಯವರಿಗೆ, ಭೂವಿಜ್ಞಾನಿಗಳಿಗೆ. ರಜೆ ಇಲ್ಲ, ಆದರೆ ಆಯಾ ಕೆಲಸದವರಿಗೆ ಹೆಮ್ಮೆ. ಎಲ್ಲ ಕೆಲಸದವರ ಆಯುಧಪೂಜೆಯನ್ನು ಒಂದೇ ದಿನ ಮಾಡದೆ ವರ್ಷದ ತುಂಬ ಹರಡಿದ ಹಾಗೆ. ಈ ಪದ್ಧತಿ ಈಗಲೂ ಗಟ್ಟಿಯಾಗಿದೆ, ಹೊಸವೂ ಸೇರುತ್ತಿವೆ. ಬೆಂಗಳೂರಿನವರಿಗೆ ಹತ್ತಿರವಾಗುವುದು 2009ರಲ್ಲಿ ಅಧಿಕೃತವಾದ ಪ್ರೋಗ್ರಾಮರ್ ದಿನ. ವರ್ಷದ 256ನೇ ದಿನಕ್ಕೆ ಅದು, ಅಂದರೆ ಸೆಪ್ಟೆಂಬರ್ 13, ಅಧಿಕ ವರ್ಷದಲ್ಲಿ 12. ಒಂದು ಬೈಟ್‌ನಲ್ಲಿ ಹಿಡಿಸುವ ಬೇರೆ ಬೇರೆ ಬೆಲೆಗಳು 256, ಅದಕ್ಕೇ ಆ ದಿನ.

ಆಗಸ್ಟ್ 2ರಂದು ಯಾವ ಊರಲ್ಲಿದ್ದರೂ ಕಾರಂಜಿಗಳ ಹತ್ತಿರ ಸ್ವಲ್ಪ ನೋಡಿಕೊಂಡು ಓಡಾಡಬೇಕು. ಅದು ಪ್ಯಾರಾಟ್ರೂಪರ್‌ಗಳ ದಿನ. ನೀಲಿ ಟೋಪಿ, ಪಟ್ಟೆ ಬನಿಯನ್ ಹಾಕಿದ ಮಾಜಿ ಸೈನಿಕರು ಕಾರಂಜಿಗೆ ಧುಮುಕುವುದು ಸಂಪ್ರದಾಯ. ಸೆಪ್ಟೆಂಬರ್ 1 ಶಾಲೆ ಶುರುವಾಗುವ ದಿನ. ಒಂದನೇ ಕ್ಲಾಸಿನ ಮಕ್ಕಳು ತಮಗಿಂತ ದೊಡ್ಡ ಹೂಗುಚ್ಛ ಹೊತ್ತು ಹೋಗುತ್ತಾರೆ.

ಅಕ್ಟೋಬರ್ 5ರ ಶಿಕ್ಷಕರ ದಿನಕ್ಕೆ ನಮ್ಮ ಹುಡುಗಿಯೂ ತನ್ನ ರಷ್ಯನ್ ಭಾಷೆಯ ಟೀಚರಿಗೆ ಕೊಡೋಣ ಎಂದು ಹೂವಿನಂಗಡಿಗೆ ಹೋಗಿ ಹತ್ತು ಗುಲಾಬಿ ಕೇಳಿದಳು. ಅಂಗಡಿಯಾಕೆ ಯಾರಿಗೆ ಎಂದು ವಿಚಾರಿಸಿ, ತಾನೇ ಒಂದು ತೆಗೆದಿಟ್ಟು ಒಂಬತ್ತನ್ನು ಕಟ್ಟಿಕೊಟ್ಟಳಂತೆ. ಯಾಕೆ ಎಂದು ಹುಡುಗಿಗೆ ಗೊತ್ತಾದದ್ದು ಮುಂದಿನ ಮೇ ತಿಂಗಳಲ್ಲಿ.

ಎರಡು ಮೇ ಹಬ್ಬಗಳು

ಮೇ 1 ಕಾರ್ಮಿಕರ ದಿನ ಎಂದು ನಮಗೆಲ್ಲ ಗೊತ್ತು. ಸೋವಿಯತ್ ಕಾಲದ 'ಅಂತಾರಾಷ್ಟ್ರೀಯ ಕಾರ್ಮಿಕ ಒಗ್ಗಟ್ಟಿನ ದಿನ' 1992ರಲ್ಲಿ 'ವಸಂತ ಮತ್ತು ಶ್ರಮದ ದಿನ'ವಾಯಿತು. ಜನ ಶ್ರಮ ಪಡುವುದು ತಮ್ಮ 'ದಾಚಾ'ದಲ್ಲಿ. ದಾಚಾ ಅಂದರೆ ಊರ ಹೊರಗಿನ ಸಣ್ಣ ಮನೆ, ಸುತ್ತ ಒಂದಿಷ್ಟು ಜಾಗ. ಹಿಮ ಕರಗಿ ಮಣ್ಣು ಮೆತ್ತಗಾಗಿರುತ್ತದೆ, ಆಲೂಗಡ್ಡೆ ನೆಡಲು ಸರಿಯಾದ ಸಮಯ. ಸಂಜೆಗೆ ಕೆಂಡದ ಮೇಲೆ ಮಾಂಸ ಸುಟ್ಟು ಶಶ್ಲಿಕ್.

ಮೇ 9ರ ವಿಜಯ ದಿನ ಬೇರೆಯೇ ಬಗೆಯದು. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಸುಮಾರು 2.7 ಕೋಟಿ ಜನರನ್ನು ಕಳೆದುಕೊಂಡಿತು. ಯಾರೂ ಸಾಯದ ಮನೆ ಹುಡುಕಿದರೆ ಸಿಗುವುದು ಕಷ್ಟ. ಯುರೋಪಿನ ಬೇರೆ ದೇಶಗಳು ಮೇ 8 ಅನ್ನುತ್ತವೆ, ಇವರು 9 ಅನ್ನುತ್ತಾರೆ. ಇದಕ್ಕೆ 13 ದಿನದ ಲೆಕ್ಕ ಬೇಕಿಲ್ಲ. ಜರ್ಮನಿಯ ಶರಣಾಗತಿ ಜಾರಿಗೆ ಬಂದಾಗ ಬರ್ಲಿನ್‌ನಲ್ಲಿ 8ರ ರಾತ್ರಿ, ಮಾಸ್ಕೋದಲ್ಲಿ ಆಗಲೇ 9.

ಇಷ್ಟು ದೊಡ್ಡ ದಿನಕ್ಕೆ ಮೊದಲಿಂದಲೂ ರಜೆ ಇತ್ತು ಅಂದುಕೊಂಡರೆ ತಪ್ಪು. ಯುದ್ಧ ಮುಗಿದು ಮೂರು ವರ್ಷಕ್ಕೇ, 1948ರಿಂದ, ಸ್ಟಾಲಿನ್ ಸರ್ಕಾರ ಅದನ್ನು ಕೆಲಸದ ದಿನ ಮಾಡಿತು. ಜನವರಿ 1ಕ್ಕೆ ರಜೆ ಕೊಟ್ಟದ್ದೂ ಅದೇ ಹೊತ್ತಿಗೆ. ಒಂದು ಕಿತ್ತು ಇನ್ನೊಂದು ಕೊಟ್ಟರು. ಮತ್ತೆ ರಜೆ ಬಂದದ್ದು 1965ರಲ್ಲಿ, ಬ್ರೆಜ್ನೆವ್ ಸೋವಿಯತ್ ನಾಯಕನಾಗಿದ್ದ ಕಾಲದಲ್ಲಿ. ಕೆಂಪು ಚೌಕದ ವಿಜಯ ಪೆರೇಡ್ ಪ್ರತಿ ವರ್ಷ ನಡೆಯತೊಡಗಿದ್ದು ಇನ್ನೂ ಈಚೆಗೆ, 1995ರಿಂದ. 2012ರಲ್ಲಿ ಸೈಬೀರಿಯಾದ ತೋಮ್ಸ್ಕ್‌ನಲ್ಲಿ ಜನರೇ ಒಂದು ಮೆರವಣಿಗೆ ಶುರುಮಾಡಿದರು. ಯುದ್ಧಕ್ಕೆ ಹೋದ ಅಜ್ಜ, ಮುತ್ತಜ್ಜನ ಫೋಟೊ ಕೋಲಿಗೆ ಕಟ್ಟಿ ಹಿಡಿದು ನಡೆಯುವುದು. 'ಅಮರ ಪಡೆ' ಎಂದು ಅದರ ಹೆಸರು. ಕೆಲವೇ ವರ್ಷಗಳಲ್ಲಿ ದೇಶದ ತುಂಬ ಹಬ್ಬಿ, ಸರ್ಕಾರದ ಕಾರ್ಯಕ್ರಮವೂ ಆಯಿತು. ಉಕ್ರೇನ್ ಯುದ್ಧದ ನಡುವೆ, 2023ರಲ್ಲಿ, ಭದ್ರತೆಯ ಕಾರಣ ಹೇಳಿ ಆ ಮೆರವಣಿಗೆಯನ್ನು ರದ್ದು ಮಾಡಿದರು. ಅದೇ ವರ್ಷ ಉಕ್ರೇನ್ ತನ್ನ ನೆನಪಿನ ದಿನವನ್ನು ಮೇ 9ರಿಂದ 8ಕ್ಕೆ ತಂದುಕೊಂಡಿತು.

ಪ್ರತಿ ಊರಲ್ಲೂ ಆ ದಿನ ಬೆಳಿಗ್ಗೆ ಯುದ್ಧ ಸ್ಮಾರಕದ ಹತ್ತಿರ ಕೆಂಪು ಕಾರ್ನೇಷನ್ ಹೂವು ಹಿಡಿದ ಜನ ಸಿಗುತ್ತಾರೆ. ಹೂವಿನಂಗಡಿಯ ಲೆಕ್ಕ ನಮ್ಮ ಹುಡುಗಿಗೆ ಅರ್ಥವಾದದ್ದು ಅಲ್ಲೇ. ಸತ್ತವರಿಗೆ ಇಡುವುದು ಸಮ ಸಂಖ್ಯೆಯಲ್ಲಿ: ಎರಡು, ನಾಲ್ಕು, ಆರು. ಬದುಕಿರುವವರಿಗೆ ಬೆಸ ಸಂಖ್ಯೆ. ಅವಳ ಗೆಳತಿ ಕೈಯಲ್ಲಿ ಐದು ಹೂವು ಹಿಡಿದು ಬಂದಿದ್ದಳು. ಎರಡನ್ನು ಸ್ಮಾರಕದ ಕಲ್ಲಿನ ಮೇಲಿಟ್ಟಳು. ಉಳಿದ ಮೂರನ್ನು ಬೆಂಚಿನ ಮೇಲೆ ಪದಕಗಳ ಕೋಟು ತೊಟ್ಟು ಕೂತಿದ್ದ ಒಬ್ಬ ಮುದುಕನಿಗೆ ಕೊಟ್ಟಳು.